ಮಾತು, ಮಣ್ಣು, ಮನೆ: ಕ್ಲಾರೆನ್ಸ್ ಜೋರ್ಡನ್ ಅವರ ಬದುಕು

ಕನ್ನಡದ ವಿದ್ಯಾರ್ಥಿಗಳಿಗೆ ಕ್ರೈಸ್ತ ಪಾದ್ರಿ ಎಂದೊಡನೆ ನೆನಪಿಗೆ ಬರುವುದು ಮಾತಿನ ಕೆಲಸ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಮಹಾನಿಘಂಟನ್ನು ನಮ್ಮ ಕೈಗಿತ್ತ ಫರ್ಡಿನೆಂಡ್ ಕಿಟೆಲ್ ಇವರ ಹೆಸರುಗಳಿಲ್ಲದೆ ನಮ್ಮ ಸಾಹಿತ್ಯ ಚರಿತ್ರೆಯ ಹತ್ತೊಂಬತ್ತನೆಯ ಶತಮಾನದ ಅಧ್ಯಾಯ ಪೂರ್ಣವಾಗದು. ಧರ್ಮಪ್ರಸಾರಕ್ಕೆಂದು ಬಂದವರು ನುಡಿಯ ಸೇವೆಯಲ್ಲಿ ನೆಲೆನಿಂತ ಕಥೆ ಅದು. ಈ ಲೇಖನದಲ್ಲಿ ನಾನು ಪರಿಚಯಿಸಬಯಸುವ ವ್ಯಕ್ತಿ ನಡೆದ ದಾರಿ ಇದಕ್ಕೆ ಎದುರು ದಿಕ್ಕಿನದು. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ಡಾಕ್ಟರೇಟ್ ಪಡೆದು, ಬೋಧಕ ದೀಕ್ಷೆಯನ್ನು ಸ್ವೀಕರಿಸಿ, ಪೀಠವನ್ನಾಗಲಿ ಪ್ರಾಧ್ಯಾಪಕ ಹುದ್ದೆಯನ್ನಾಗಲಿ ಅರಸದೆ, ನೇಗಿಲು ಹಿಡಿದು, ಕೊನೆಗೆ ಬಡವರ ಮನೆಗಳಿಗೆ ಅಡಿಗಲ್ಲಾದವರು ಅಮೆರಿಕದ ಕ್ಲಾರೆನ್ಸ್ ಜೋರ್ಡನ್ (1912–1969).

ಜೋರ್ಡನ್ ಅವರಿಗೂ ಕನ್ನಡಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಭಾಷೆ, ಅನುವಾದ, ಸಾಹಿತ್ಯಗಳನ್ನೇ ಬದುಕಿನ ಕಾಯಕವಾಗಿ ಮಾಡಿಕೊಂಡಿರುವ ನಮ್ಮಂಥವರಿಗೆ ಅವರ ಬದುಕು ಒಂದು ಪ್ರಶ್ನೆಯನ್ನು ಎದುರಿಗಿಡುತ್ತದೆ. ಒಂದು ಪಠ್ಯವನ್ನು ಅರ್ಥಮಾಡಿಕೊಳ್ಳುವುದೆಂದರೇನು? ಪದಕ್ಕೆ ಪದ ಹೊಂದಿಸಿದರೆ ಸಾಕೆ, ಅಥವಾ ಆ ಅರ್ಥ ಎಲ್ಲಿ ಹೇಗೆ ನೆಲೆಸುತ್ತದೆಂಬ ಹೊಣೆಯೂ ಅರ್ಥ ಹೇಳುವವನ ಮೇಲಿದೆಯೆ? ಜೋರ್ಡನ್ ಅವರು ಮಾಡಿದ ಅನುವಾದ ಮತ್ತು ಅವರು ಕಟ್ಟಲು ತೊಡಗಿದ ಮನೆ ಇವೆರಡೂ ಒಂದೇ ಕೆಲಸದ ಎರಡು ಹಂತಗಳೆಂಬುದು ನನ್ನ ಗ್ರಹಿಕೆ. ಅದನ್ನು ಅವರ ಬದುಕಿನ ವಿವರಗಳ ಮೂಲಕವೇ ತೋರಿಸುವುದು ಇಲ್ಲಿನ ಉದ್ದೇಶ.

1

ಕ್ಲಾರೆನ್ಸ್ ಜೋರ್ಡನ್ ಹುಟ್ಟಿದ್ದು 1912ರ ಜುಲೈ 29ರಂದು, ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದ ಟಾಲ್ಬಟನ್ ಎಂಬ ಸಣ್ಣ ಊರಿನಲ್ಲಿ. ಹತ್ತು ಮಕ್ಕಳ ಕುಟುಂಬದಲ್ಲಿ ಅವರು ಏಳನೆಯವರು. ತಂದೆ ಬ್ಯಾಂಕು ಮತ್ತು ಅಂಗಡಿ ನಡೆಸುತ್ತಿದ್ದ ಅನುಕೂಲಸ್ಥರು. ಊರು ಹತ್ತಿ ಬೆಳೆಯುವ ಸೀಮೆಗೆ ಸೇರಿದ್ದು. ಗುಲಾಮಗಿರಿ ಕಾನೂನಿನ ಕಾಗದದಿಂದ ಅಳಿದು ಅರ್ಧ ಶತಮಾನವೇ ಕಳೆದಿದ್ದರೂ ನೆಲದ ಒಡೆತನ ಬಿಳಿಯರ ಕೈಯಲ್ಲೇ ಉಳಿದಿತ್ತು. ಕರಿಯರು ಅದೇ ನೆಲವನ್ನು ಪಾಲಿಗೆ ಮಾಡುತ್ತ, ಬೀಜ ಗೊಬ್ಬರಗಳಿಗಾಗಿ ಒಡೆಯನಲ್ಲಿ ಸಾಲ ಮಾಡುತ್ತ, ಸುಗ್ಗಿಯ ಲೆಕ್ಕದಲ್ಲಿ ಪ್ರತಿವರ್ಷವೂ ಬಾಕಿದಾರರಾಗಿಯೇ ಉಳಿಯುತ್ತಿದ್ದರು. ಶಾಲೆ, ಚರ್ಚು, ರೈಲಿನ ಡಬ್ಬಿ, ಸ್ಮಶಾನ ಎಲ್ಲವೂ ಬಣ್ಣದ ಮೇಲೆ ಬೇರೆ ಬೇರೆ.

ಈ ಏರ್ಪಾಟು ತಪ್ಪೆಂದು ಬಾಲಕನಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಹೇಳಿಕೊಟ್ಟದ್ದು ಭಾನುವಾರದ ಶಾಲೆಯ ಹಾಡು. ಎಲ್ಲ ಬಣ್ಣದ ಮಕ್ಕಳೂ ದೇವರಿಗೆ ಸಮಾನರೆಂದು ಹಾಡಿಸುವ ಹಿರಿಯರು ಹಾಡು ಮುಗಿದೊಡನೆ ನಡೆದುಕೊಳ್ಳುವ ರೀತಿಯೇ ಬೇರೆಯೆಂಬುದನ್ನು ಹುಡುಗ ಗಮನಿಸಿದ. ಅವರ ಮನೆಯ ಹತ್ತಿರದಲ್ಲಿಯೇ ಸೆರೆಮನೆ. ಕಾಲಿಗೆ ಸಂಕೋಲೆ ತೊಡಿಸಿ ರಸ್ತೆ ಕೆಲಸಕ್ಕೆ ಹಚ್ಚುತ್ತಿದ್ದ ಕೈದಿಗಳ ಠಾಣ್ಯ ಅದು. ಹನ್ನೆರಡರ ಹರೆಯದಲ್ಲಿ ಒಂದು ರಾತ್ರಿ ಅಲ್ಲಿಂದ ಕೇಳಿಬಂದ ನರಳಿಕೆ ಅವರನ್ನು ನಿದ್ದೆಯಿಂದ ಎಬ್ಬಿಸಿತು. ಕೈಕಾಲುಗಳನ್ನು ಎಳೆದು ಹಿಂಸಿಸುವ ಯಂತ್ರಕ್ಕೆ ಒಬ್ಬ ಕರಿಯ ಕೈದಿಯನ್ನು ಬಿಗಿಯಲಾಗಿತ್ತು. ಹಾಗೆ ಬಿಗಿಸಿದ ಅಧಿಕಾರಿ ಅದೇ ಸಂಜೆ ಚರ್ಚಿನ ಗಾಯನವೃಂದದಲ್ಲಿ ನಿಂತು ದೇವರ ಪ್ರೀತಿಯನ್ನು ಕುರಿತು ಎದೆ ತುಂಬಿ ಹಾಡಿದ್ದ. ಹಾಡು ಮತ್ತು ನರಳಿಕೆ ಒಂದೇ ರಾತ್ರಿಯಲ್ಲಿ ಒಂದೇ ಕಿವಿಗೆ ಬಿದ್ದವು. ಜೋರ್ಡನ್ ಅವರ ಮುಂದಿನ ಬದುಕೆಲ್ಲ ಈ ಎರಡರ ನಡುವಿನ ಅಂತರವನ್ನು ಅಳಿಸುವ ಪ್ರಯತ್ನವೆಂದರೆ ಅತಿಶಯೋಕ್ತಿಯಾಗದು.

2

1929ರಲ್ಲಿ ಅವರು ಜಾರ್ಜಿಯಾ ವಿಶ್ವವಿದ್ಯಾನಿಲಯದಲ್ಲಿ ಕೃಷಿವಿಜ್ಞಾನವನ್ನು ಆರಿಸಿಕೊಂಡರು. ಪಾಲುಗಾರ ರೈತರಿಗೆ ಉತ್ತಮ ಬೇಸಾಯವನ್ನು ಕಲಿಸಿದರೆ ಅವರ ಬಡತನ ನೀಗೀತೆಂಬುದು ತರುಣನ ನಂಬಿಕೆಯಾಗಿತ್ತು. 1933ರಲ್ಲಿ ಪದವಿ ಕೈಸೇರುವ ಹೊತ್ತಿಗೆ ಆ ನಂಬಿಕೆ ಸಡಿಲಗೊಂಡಿತ್ತು. ಹೊಟ್ಟೆಯ ಬಡತನದ ಹಿಂದೆ ಮನಸ್ಸಿನ ಬಡತನವಿದೆ, ಅದು ಬಡವರದಕ್ಕಿಂತ ಹೆಚ್ಚಾಗಿ ಉಳ್ಳವರದು ಎಂದು ಅವರಿಗೆ ತೋರತೊಡಗಿತು.

ಕಾಲೇಜಿನಲ್ಲಿ ಅವರು ಸೈನಿಕ ತರಬೇತಿಯನ್ನೂ ಪಡೆದು ಅಶ್ವದಳದ ಅಧಿಕಾರಿಯಾಗುವ ಹಂತದಲ್ಲಿದ್ದರು. 1933ರ ಬೇಸಗೆಯ ಶಿಬಿರದಲ್ಲಿ ಕುದುರೆಯೇರಿ, ಕತ್ತಿ ಝಳಪಿಸುತ್ತ, ಮನುಷ್ಯಾಕಾರದ ಹುಲ್ಲಿನ ಗೊಂಬೆಗಳನ್ನು ಇರಿಯುತ್ತ ಸಾಗುವ ಅಭ್ಯಾಸ ನಡೆದಿತ್ತು. ಆಗ ತಾನೆ ಬಾಯಿಪಾಠ ಮಾಡುತ್ತಿದ್ದ ಯೇಸುವಿನ ಪರ್ವತ ಪ್ರಸಂಗದ ಮಾತುಗಳು, ಶತ್ರುವನ್ನು ಪ್ರೀತಿಸಬೇಕೆಂಬ ಬೋಧೆ, ಅವರ ನೆನಪಿಗೆ ನುಗ್ಗಿಬಂದವು. ಕೈಯ ಕತ್ತಿಯೂ ನಾಲಗೆಯ ಮಾತೂ ಒಟ್ಟಿಗೆ ಇರಲಾರವೆಂದು ತಿಳಿದೊಡನೆ ಅವರು ಕುದುರೆಯಿಂದಿಳಿದು ರಾಜೀನಾಮೆ ಕೊಟ್ಟರು. ಓದಿದ ಮಾತು ನಡೆಯಾಗಿ ಪರಿಣಮಿಸಿದ ಮೊದಲ ಸಂದರ್ಭವಿದು.

ಅಲ್ಲಿಂದ ಅವರು ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿದ್ದ ದಕ್ಷಿಣ ಬ್ಯಾಪ್ಟಿಸ್ಟರ ಧರ್ಮವಿದ್ಯಾಲಯವನ್ನು ಸೇರಿದರು. ಬೋಧಕ ದೀಕ್ಷೆಯನ್ನು ಪಡೆದರು. ಅನುವಾದಗಳ ಮೇಲೆ ಅವಲಂಬಿಸದೆ ಯೇಸುವಿನ ಮಾತಿನ ಮೂಲವನ್ನೇ ಮುಟ್ಟಬೇಕೆಂಬ ಹಂಬಲದಿಂದ ಗ್ರೀಕ್ ಕಲಿತು, 1938ರಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದ ಮೇಲೆ ಪಿಎಚ್.ಡಿ. ಪದವಿಯನ್ನು ಗಳಿಸಿದರು. ಅದೇ ವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಫ್ಲಾರೆನ್ಸ್ ಕ್ರೋಗರ್ ಅವರನ್ನು 1936ರಲ್ಲಿ ಮದುವೆಯಾದರು. ಮುಂದಿನ ಕಷ್ಟದ ದಿನಗಳಲ್ಲಿ ಫ್ಲಾರೆನ್ಸ್ ಅವರ ದೃಢತೆ ಪತಿಯದಕ್ಕಿಂತ ಒಂದು ಗುಂಜಿಯೂ ಕಡಿಮೆಯದಾಗಿರಲಿಲ್ಲ. ಓದಿನ ಜೊತೆಗೆ ಜೋರ್ಡನ್ ಅವರು ಲೂಯಿವಿಲ್‌ನ ಕರಿಯರ ಕೇರಿಗಳಲ್ಲಿ ಕೆಲಸ ಮಾಡಿದರು. ಹಳ್ಳಿಯ ನೆಲದಿಂದ ಕಿತ್ತುಬಂದವರು ನಗರದ ಕೊಳಚೆ ಮನೆಗಳಲ್ಲಿ ಬದುಕುವ ರೀತಿಯನ್ನು ಹತ್ತಿರದಿಂದ ಕಂಡರು. ಇವರು ಬಿಟ್ಟುಬಂದ ಹಳ್ಳಿಗೇ ಹೋಗಿ ದುಡಿಯಬೇಕು, ರೋಗವನ್ನು ಅದರ ಬೇರಿನಲ್ಲಿಯೇ ಹಿಡಿಯಬೇಕು ಎಂಬ ನಿರ್ಧಾರ ಆಗ ಬಲಿಯಿತು.

3

1942ರಲ್ಲಿ, ಬರ್ಮಾದಲ್ಲಿ ಮಿಶನರಿಗಳಾಗಿದ್ದು ಹಿಂತಿರುಗಿದ್ದ ಮಾರ್ಟಿನ್ ಇಂಗ್ಲೆಂಡ್ ಮತ್ತು ಮೇಬಲ್ ಇಂಗ್ಲೆಂಡ್ ದಂಪತಿಗಳೊಡನೆ ಸೇರಿ, ಜೋರ್ಡನ್ ದಂಪತಿಗಳು ಜಾರ್ಜಿಯಾದ ಸಮ್ಟರ್ ಜಿಲ್ಲೆಯ ಅಮೆರಿಕಸ್ ಪಟ್ಟಣದ ಬಳಿ 440 ಎಕರೆ ಜಮೀನನ್ನು ಕೊಂಡರು. ಸವಕಲು ಮಣ್ಣು, ಒರಗಿದ ಬೇಲಿ, ಹಳೆಯದೊಂದು ಮನೆ. ಈ ಹೊಲಕ್ಕೆ ಅವರಿಟ್ಟ ಹೆಸರು ಕೊಯ್ನೋನಿಯಾ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದಲ್ಲಿ ಆದಿ ಕ್ರೈಸ್ತರ ಸಹಜೀವನವನ್ನು ಸೂಚಿಸಲು ಬಳಸಿರುವ ಗ್ರೀಕ್ ಶಬ್ದವಿದು. ಸಹಭಾಗಿತ್ವ, ಒಡನಾಟ, ಹಂಚಿಕೊಂಡು ಬಾಳುವಿಕೆ ಎಂದು ನಾವು ಕನ್ನಡಿಸಬಹುದು. ನಿಘಂಟಿನಲ್ಲಿ ಆ ಶಬ್ದದ ಅರ್ಥವನ್ನು ಓದಿದ್ದ ವಿದ್ವಾಂಸರು ಅದರ ಅರ್ಥವನ್ನು ಹೊಲದಲ್ಲಿ ಬರೆಯಲು ಹೊರಟಿದ್ದರು.

ಕೊಯ್ನೋನಿಯಾದ ನಿಯಮಗಳು ಸರಳವಾಗಿದ್ದವು. ಬಣ್ಣವಾವುದೇ ಇರಲಿ, ಮನುಷ್ಯರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಹಿಂಸೆಗೆ ಹಿಂಸೆ ಉತ್ತರವಾಗಬಾರದು. ಆಸ್ತಿ ಎಲ್ಲರಿಗೂ ಸೇರಿದ್ದು, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೆ. ಮಣ್ಣನ್ನು ಸುಲಿಯದೆ ಪೋಷಿಸಬೇಕು. ಕೆಲಸಕ್ಕೆ ಬಂದ ಕರಿಯರೂ ಬಿಳಿಯರೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಪಂಕ್ತಿಭೇದದ ಇತಿಹಾಸವನ್ನು ಬಲ್ಲ ನಮಗೆ, ಕೂಡಿ ಉಣ್ಣುವುದು ಎಂಥ ದೊಡ್ಡ ಅಪರಾಧವಾಗಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.

ಕೃಷಿ ಪದವೀಧರರಾದ ಜೋರ್ಡನ್ ಅವರು ಆ ಸೀಮೆಗೆ ಕೋಳಿ ಸಾಕಣೆಯ ಹೊಸ ಪದ್ಧತಿಗಳನ್ನು ಪರಿಚಯಿಸಿದರು, ಅಕ್ಕಪಕ್ಕದ ರೈತರಿಗೆ ಬೇಸಾಯದ ಪಾಠ ಹೇಳಿದರು. ಅವರು ಆರಂಭಿಸಿದ ಒಂದು ಏರ್ಪಾಟು ವಿಶೇಷವಾಗಿ ನೆನಪಿಡತಕ್ಕದ್ದು. ಹಾಲಿಲ್ಲದ ಬಡ ಕುಟುಂಬ ಕೊಯ್ನೋನಿಯಾದಿಂದ ಕರೆಯುವ ಹಸುವೊಂದನ್ನು ಒಯ್ಯಬಹುದಿತ್ತು, ಹಾಲು ಬತ್ತಿದ ಮೇಲೆ ಮರಳಿಸಿ ಇನ್ನೊಂದನ್ನು ಪಡೆಯಬಹುದಿತ್ತು. ಇದಕ್ಕೆ ಹಸುಗಳ ಗ್ರಂಥಾಲಯವೆಂಬ ಹೆಸರೂ ಬಂದಿತು. ಪುಸ್ತಕದಂತೆ ಹಸುವೂ ಕೈಯಿಂದ ಕೈಗೆ ಸಾಗಬೇಕೆಂಬ ಈ ಕಲ್ಪನೆಯಲ್ಲಿ ಮುಂದೆ ಅವರು ರೂಪಿಸಿದ ಮನೆಯ ಯೋಜನೆಯ ಮೊಳಕೆಯಿದೆ.

4

ಈ ಕಥೆಯಲ್ಲಿ ಭಾರತ ಮೊದಲ ಬಾರಿಗೆ ಪ್ರವೇಶಿಸುವುದು 1950ರಲ್ಲಿ. ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ಆ ವರ್ಷ ಕೊಯ್ನೋನಿಯಾಕ್ಕೆ ಬಂದಿದ್ದ. ಹಿಂದೂ ಧರ್ಮೀಯನಾದ ಆತನಿಗೆ ಕ್ರೈಸ್ತರ ಆರಾಧನೆಯನ್ನು ಪ್ರತ್ಯಕ್ಷ ಕಾಣುವ ಕುತೂಹಲ. ಜೋರ್ಡನ್ ಕುಟುಂಬದವರು ತಾವು ಸದಸ್ಯರಾಗಿದ್ದ ರೆಹೋಬೋತ್ ಬ್ಯಾಪ್ಟಿಸ್ಟ್ ಚರ್ಚಿಗೆ ಆತನನ್ನು ಕರೆದೊಯ್ದರು. ಆತನ ಮೈಬಣ್ಣವನ್ನು ಕಂಡು ಸಭೆ ಕದಡಿಹೋಯಿತು. ಕರಿಯನೊಬ್ಬನನ್ನು ವೇಷ ಮರೆಸಿ ತಂದಿದ್ದಾರೆಂಬ ಗುಮಾನಿ ಹಬ್ಬಿತು. ಕೆಲವೇ ದಿನಗಳಲ್ಲಿ ಕೊಯ್ನೋನಿಯಾದ ಸದಸ್ಯರನ್ನೆಲ್ಲ ಚರ್ಚಿನಿಂದ ಹೊರಹಾಕುವ ನಿರ್ಣಯ ಬಂದಿತು.

ಇದಕ್ಕೆ ಮುನ್ನ ಚರ್ಚಿನ ಹಿರಿಯರು ಮಾತುಕತೆಗೆಂದು ಬಂದಾಗ ಜೋರ್ಡನ್ ಅವರು ಬೈಬಲನ್ನು ಅವರ ಕೈಗಿತ್ತು, ತಾವು ಮಾಡಿದ್ದು ಯಾವ ವಾಕ್ಯಕ್ಕೆ ವಿರುದ್ಧವೆಂದು ತೋರಿಸುವಂತೆ ಬೇಡಿಕೊಂಡರು. ಗ್ರಂಥ ಕೈಯಿಂದ ಕೈಗೆ ಸಾಗಿ ಅವರ ಬಳಿಗೇ ಮರಳಿತು. ಪಾದ್ರಿಯೊಬ್ಬರನ್ನು ತಮ್ಮದೇ ಚರ್ಚು ಹೊರಗಟ್ಟಿದ ಈ ಘಟನೆ ಜೋರ್ಡನ್ ಅವರ ಬದುಕನ್ನು ಎರಡಾಗಿ ಸೀಳುತ್ತದೆ. ಇನ್ನು ಮುಂದೆ ಅವರಿಗೆ ಪೀಠವಿಲ್ಲ. ಹೊಲವೇ ಪೀಠ.

5

ನಿಜವಾದ ಪರೀಕ್ಷೆ 1956ರಲ್ಲಿ ಬಂದಿತು. ಶಾಲೆಗಳಲ್ಲಿ ಬಣ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪಿತ್ತ ಮೇಲೆ ದಕ್ಷಿಣದ ಬಿಳಿಯರು ಸಿಡಿದೆದ್ದಿದ್ದರು. ಅಟ್ಲಾಂಟಾದ ಕಾಲೇಜೊಂದಕ್ಕೆ ಸೇರಬಯಸಿದ ಇಬ್ಬರು ಕರಿಯ ವಿದ್ಯಾರ್ಥಿಗಳ ಅರ್ಜಿಗೆ ಜೋರ್ಡನ್ ಅವರು ಸಹಿ ಹಾಕಲು ಮುಂದಾದರು. ಅವರು ಆ ಕಾಲೇಜಿನ ಹಳೆಯ ವಿದ್ಯಾರ್ಥಿಯಲ್ಲವಾದ್ದರಿಂದ ಸಹಿ ಊರ್ಜಿತವಾಗಲಿಲ್ಲ. ಆದರೆ ಸುದ್ದಿ ಅಮೆರಿಕಸ್ ಪಟ್ಟಣವನ್ನು ಮುಟ್ಟಲು ಅಷ್ಟೇ ಸಾಕಾಗಿತ್ತು.

ಕೊಯ್ನೋನಿಯಾದವರು ಹೆದ್ದಾರಿಯ ಬದಿಯಲ್ಲಿ ಇಟ್ಟಿದ್ದ ಮಾರಾಟದ ಅಂಗಡಿಗೆ 1956ರ ಜುಲೈನಲ್ಲಿ ಬಾಂಬು ಬಿದ್ದಿತು. 1957ರ ಜನವರಿಯಲ್ಲಿ ಎರಡನೆಯ ಸಲ ಡೈನಮೈಟ್ ಸಿಡಿದು ಅಂಗಡಿ ನೆಲಸಮವಾಯಿತು. ರಾತ್ರಿಯ ಹೊತ್ತು ಓಡುವ ಕಾರುಗಳಿಂದ ಮನೆಗಳ ಮೇಲೆ ಗುಂಡು ಹಾರಿಸುವುದು ವಾಡಿಕೆಯಾಯಿತು. ಬೇಲಿಗಳು ತುಂಡಾದವು, ಹಣ್ಣಿನ ಮರಗಳು ಕಡಿದು ಬಿದ್ದವು. ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯವರ ಕಾರುಗಳು ಸಾಲುಗಟ್ಟಿ ಹೊಲಕ್ಕೆ ಬಂದು, ಜಮೀನು ಮಾರಿ ತೊಲಗಬೇಕೆಂದು ಎಚ್ಚರಿಸಿದವು. 1957ರಲ್ಲಿ, ಕ್ಯಾಥೊಲಿಕ್ ಸಮಾಜಸೇವಕಿ ಡೊರೊತಿ ಡೇ ಅವರು ಇಲ್ಲಿಗೆ ಬಂದು ರಾತ್ರಿಯ ಕಾವಲಿಗೆ ಕುಳಿತಿದ್ದಾಗ ಅವರ ಕಾರಿನ ಮೇಲೂ ಗುಂಡು ಹಾರಿತು.

ಗುಂಡಿಗಿಂತಲೂ ಕ್ರೂರವಾದದ್ದು ಬಹಿಷ್ಕಾರ. ಬೀಜ, ಗೊಬ್ಬರ, ಇಂಧನ ಮಾರುವವರು ಕೈಯೆತ್ತಿದರು. ವಿಮೆ ರದ್ದಾಯಿತು. ಬ್ಯಾಂಕಿನ ಬಾಗಿಲು ಮುಚ್ಚಿತು. ಮೊಟ್ಟೆ ಕೊಳ್ಳುವವರಿಲ್ಲದೆ ಸಾಕಿದ ಸಾವಿರಾರು ಕೋಳಿಗಳನ್ನು ವಿಲೇವಾರಿ ಮಾಡಬೇಕಾಯಿತು. ಬಹಿಷ್ಕಾರವನ್ನು ಮುರಿದು ಸರಕು ಮಾರಿದ ಪಟ್ಟಣದ ಅಂಗಡಿಗೂ ಬಾಂಬು ಬಿದ್ದಿತು. ಊರಿನ ಗಣ್ಯರ ತನಿಖಾ ಮಂಡಳಿ ತಪ್ಪಿತಸ್ಥರನ್ನು ಹುಡುಕುವ ಬದಲು, ಕೊಯ್ನೋನಿಯಾದವರೇ ಕಮ್ಯುನಿಸ್ಟರೆಂದೂ ಹಿಂಸೆಯನ್ನು ತಾವೇ ಸೃಷ್ಟಿಸಿಕೊಂಡರೆಂದೂ ಸಂಶಯಪಟ್ಟಿತು.

ಸ್ಥಳೀಯ ಪೇಟೆ ಮುಚ್ಚಿದಾಗ ಜೋರ್ಡನ್ ಅವರು ಅಂಚೆಯ ಮೊರೆಹೊಕ್ಕರು. ಆ ಸೀಮೆಯಲ್ಲಿ ಬೆಳೆಯುವ ಪೆಕಾನ್ ಎಂಬ ಕಾಯಿಯ ತಿರುಳನ್ನು ಪೊಟ್ಟಣ ಕಟ್ಟಿ ದೇಶದಾದ್ಯಂತ ಅಂಚೆಯಲ್ಲಿ ಮಾರತೊಡಗಿದರು. ಸರ್ಕಾರಿ ಅಂಚೆಯನ್ನು ಬಹಿಷ್ಕರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಗುಂಡಿನ ಮಳೆಯ ನಡುವೆಯೂ ಈ ಪಾದ್ರಿಗಿದ್ದ ವಿನೋದ ಪ್ರಜ್ಞೆ ಬತ್ತಲಿಲ್ಲ. ಜಾರ್ಜಿಯಾದ ತಲೆಕೆಟ್ಟವರನ್ನು ಹೊರಸಾಗಿಸಲು ನೆರವಾಗಿ ಎಂಬ ಧ್ವನಿ ಬರುವಂತೆ, ಕಾಯಿ ಮತ್ತು ಹುಚ್ಚ ಎರಡಕ್ಕೂ ಸಲ್ಲುವ ಒಂದೇ ಇಂಗ್ಲಿಷ್ ಶಬ್ದದ ಮೇಲೆ ಶ್ಲೇಷೆ ಮಾಡಿ ಅವರು ಜಾಹೀರಾತು ಬರೆದರು.

ಈ ದಿನಗಳ ಒಂದು ಸಂವಾದ ಜೋರ್ಡನ್ ಅವರ ಜೀವನಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವಕೀಲರಾಗಿದ್ದ ಅವರ ಸೋದರ ರಾಬರ್ಟ್ ಜೋರ್ಡನ್ ಮುಂದೆ ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದವರು. ಕೊಯ್ನೋನಿಯಾದ ಪರ ವಕಾಲತ್ತು ವಹಿಸುವಂತೆ ಕ್ಲಾರೆನ್ಸ್ ಕೇಳಿದಾಗ, ತಮ್ಮ ರಾಜಕೀಯ ಭವಿಷ್ಯ, ಮನೆ, ಉದ್ಯೋಗ ಎಲ್ಲವೂ ಹೋದೀತೆಂದು ರಾಬರ್ಟ್ ಹಿಂಜರಿದರು. ತಾವೂ ಯೇಸುವಿನ ಅನುಯಾಯಿಯೇ, ಆದರೆ ಒಂದು ಮಿತಿಯವರೆಗೆ ಎಂದರು. ಆ ಮಿತಿ ಶಿಲುಬೆಯವರೆಗೋ ಎಂದು ಕ್ಲಾರೆನ್ಸ್ ವಿಚಾರಿಸಿದರು. ಶಿಲುಬೆಯವರೆಗೆ ಬರುತ್ತೇನೆ, ಶಿಲುಬೆಯ ಮೇಲೇರಲಾರೆ ಎಂಬರ್ಥದ ಉತ್ತರ ಬಂದಾಗ, ಹಾಗಿದ್ದರೆ ನೀನು ಅಭಿಮಾನಿಯೇ ಹೊರತು ಶಿಷ್ಯನಲ್ಲವೆಂದು ಕ್ಲಾರೆನ್ಸ್ ಸೋದರನಿಗೆ ಹೇಳಿದರು. ಮೆಚ್ಚುವುದಕ್ಕೂ ಅನುಸರಿಸುವುದಕ್ಕೂ ಇರುವ ಅಂತರ ಧರ್ಮಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ವಚನಕಾರರನ್ನು ಕುರಿತು ಪ್ರಬಂಧ ಬರೆಯುವ ನಮಗೂ ಅದು ಸಲ್ಲುತ್ತದೆ.

6

ಹೊಲದ ಮೂಲೆಯ ಪುಟ್ಟ ಗುಡಿಸಲೊಂದರಲ್ಲಿ ಕುಳಿತು ಜೋರ್ಡನ್ ಅವರು ಗ್ರೀಕ್ ಮೂಲದಿಂದ ಹೊಸ ಒಡಂಬಡಿಕೆಯನ್ನು ತಮ್ಮ ಸೀಮೆಯ ಆಡುಮಾತಿಗೆ ತಂದರು. ಹತ್ತಿ ಹೊಲದ ಆವೃತ್ತಿ ಎಂಬರ್ಥದ ಹೆಸರಿನಲ್ಲಿ 1968ರಲ್ಲಿ ಪೌಲನ ಪತ್ರಿಕೆಗಳು, 1969ರಲ್ಲಿ ಲೂಕನ ಸುವಾರ್ತೆ ಮತ್ತು ಅಪೊಸ್ತಲರ ಕೃತ್ಯಗಳು ಪ್ರಕಟವಾದವು. ಉಳಿದ ಭಾಗಗಳು ಅವರ ಮರಣಾನಂತರ ಬಂದವು.

ಈ ಅನುವಾದದ ವಿಶೇಷ ಅದರ ಸ್ಥಳಾಂತರದಲ್ಲಿದೆ. ಇಲ್ಲಿ ಯೆರೂಸಲೇಮು ಅಟ್ಲಾಂಟಾ ಆಗಿದೆ. ಬೇತ್ಲೆಹೇಮು ಜಾರ್ಜಿಯಾದ ಗೇನ್ಸ್‌ವಿಲ್ ಆಗಿದೆ, ನಜರೇತು ವಾಲ್ಡೋಸ್ಟಾ ಆಗಿದೆ. ಹಸುಳೆ ಯೇಸು ಮಲಗುವುದು ಸೇಬಿನ ಪೆಟ್ಟಿಗೆಯಲ್ಲಿ. ಸ್ನಾನದೀಕ್ಷೆ ನಡೆಯುವುದು ಚಟ್ಟಹೂಚಿ ನದಿಯಲ್ಲಿ. ದಾರಿಯಲ್ಲಿ ದರೋಡೆಗೊಳಗಾಗಿ ಬಿದ್ದವನನ್ನು ಬಿಳಿಯ ಧರ್ಮಬೋಧಕ ಕಂಡೂ ಕಾಣದಂತೆ ದಾಟಿ ಹೋಗುತ್ತಾನೆ. ಎತ್ತಿ ಉಪಚರಿಸುವ ಸಮಾರ್ಯದವನು ಒಬ್ಬ ಕರಿಯ. ಶಿಲುಬೆಗೇರಿಸುವ ಪ್ರಸಂಗಕ್ಕೆ ಜೋರ್ಡನ್ ಅವರು ಬಳಸಿದ್ದು, ದಕ್ಷಿಣದಲ್ಲಿ ಜನಜಂಗುಳಿ ಕರಿಯರನ್ನು ಹಿಡಿದು ಮರಕ್ಕೆ ನೇತುಹಾಕುತ್ತಿದ್ದ ಕೃತ್ಯಕ್ಕೆ ಇದ್ದ ಶಬ್ದವನ್ನು. ಶಿಲುಬೆ ಕೊರಳ ಆಭರಣವಾಗಿ ಹೊಳೆಯತೊಡಗಿದ ಮೇಲೆ ಅದರ ಹಿಂದಿನ ಕೊಲೆ ಮರೆತುಹೋಗಿದೆ, ಅದನ್ನು ನೆನಪಿಸುವ ಶಬ್ದವೇ ಸರಿಯಾದ ಅನುವಾದ ಎಂಬುದು ಅವರ ವಾದ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಧಾನ ಅಪರಿಚಿತವಲ್ಲ. ಪಂಪ 941ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿ ವ್ಯಾಸಭಾರತವನ್ನು ಕನ್ನಡ ನೆಲಕ್ಕೆ ಇಳಿಸಿದ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲೀಸನ ಗ್ರೀಕ್ ನಾಟಕದ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿಸಿದರು. ಪರಕೀಯವಾದದ್ದು ದೇಶ ಕಾಲಗಳನ್ನು ಬದಲಿಸಿಕೊಂಡಾಗ ನಮ್ಮದಾಗುತ್ತದೆಂಬ ತತ್ತ್ವ ಎಲ್ಲ ಕಡೆಯೂ ಒಂದೇ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಪಂಪನ ಅಭೇದ ಆಶ್ರಯದಾತನನ್ನು ಪುರಾಣದ ಎತ್ತರಕ್ಕೆ ಏರಿಸಿತು. ಜೋರ್ಡನ್ ಅವರ ಅಭೇದ ನೆರೆಹೊರೆಯವರನ್ನು ಪುರಾಣದ ಕಟಕಟೆಯಲ್ಲಿ ನಿಲ್ಲಿಸಿತು. ಯೇಸುವನ್ನು ಕೊಂದವರು ಯಾವುದೋ ದೂರ ದೇಶದ ಯಾರೋ ಅಲ್ಲ, ಭಾನುವಾರ ತಪ್ಪದೆ ಚರ್ಚಿಗೆ ಬರುವ ನಮ್ಮೂರಿನ ಸಜ್ಜನರೇ ಎಂದು ಅದು ಹೇಳಿತು.

ವಿದ್ವತ್ತಿನ ದೃಷ್ಟಿಯಿಂದ ಈ ಕೃತಿಗೆ ಆಕ್ಷೇಪಗಳಿಲ್ಲದಿಲ್ಲ. ಯೆಹೂದ್ಯರು ಮತ್ತು ಅನ್ಯಜನರ ನಡುವಣ ಸಂಬಂಧವನ್ನು ಬಿಳಿಯ–ಕರಿಯರ ಸಂಬಂಧಕ್ಕೆ ಸಮೀಕರಿಸಿದಾಗ ಇತಿಹಾಸ ಸರಳಗೊಳ್ಳುತ್ತದೆ. ರೋಮನ್ ಆಡಳಿತ ವಿಧಿಸಿದ ಮರಣದಂಡನೆಯೂ ಜನಜಂಗುಳಿಯ ಕೊಲೆಯೂ ಪೂರ್ತಿ ಒಂದೇ ಅಲ್ಲ. ಒಂದು ಸೀಮೆಯ ಒಂದು ಕಾಲಕ್ಕೆ ಇಷ್ಟು ಬಿಗಿಯಾಗಿ ಹೊಲಿದ ಅಂಗಿ ಮುಂದಿನ ತಲೆಮಾರಿಗೆ ಹೊಂದುವುದು ಕಷ್ಟ. ಅವರು ಬಳಸಿದ ಕೆಲವು ಜನಾಂಗಸೂಚಕ ಪದಗಳು ಇಂದು ಬಳಕೆಯಿಂದ ಬಿದ್ದುಹೋಗಿವೆ. ಆದರೂ 1981ರಲ್ಲಿ ಹ್ಯಾರಿ ಚೇಪಿನ್ ಅವರ ಸಂಗೀತದೊಡನೆ ಇದು ರಂಗಕೃತಿಯಾಗಿ ಜನಪ್ರಿಯವಾಯಿತೆಂಬುದು ಅದರ ಕಸುವಿಗೆ ಸಾಕ್ಷಿ.

7

ಅನುವಾದ ಬೆಳೆಯುತ್ತಿದ್ದ ವರ್ಷಗಳಲ್ಲಿಯೇ ಕೊಯ್ನೋನಿಯಾ ಸೊರಗುತ್ತಿತ್ತು. ಐವತ್ತರ ದಶಕದ ನಡುವಿನಲ್ಲಿ ಅಲ್ಲಿ ಸುಮಾರು 60 ಜನರಿದ್ದರು. 1968ರ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯ ಮಂದಿ. ಹಿಂಸೆಯೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಕರಿಯ ನೆರೆಹೊರೆಯವರು ಕೆಲಸಕ್ಕೆ ಬಂದರು, ಸ್ನೇಹಿತರಾದರು. ಆದರೆ ಸಮುದಾಯದ ಪೂರ್ಣ ಸದಸ್ಯರಾಗಿ ಉಳಿದವರು ತೀರ ಕಡಿಮೆ. ಇದರ ಒಳಗುಟ್ಟನ್ನು ಗುರುತಿಸುವುದು ಕಷ್ಟವಲ್ಲ. ಎಲ್ಲವನ್ನೂ ತ್ಯಜಿಸಿ ಸಮಾನವಾಗಿ ಬಾಳೋಣವೆಂದು ಉಳ್ಳವನಿಗೆ ಹೇಳಬಹುದು. ತಲೆಮಾರುಗಳಿಂದ ಒಡೆಯನ ಗುಡಿಸಲಿನಲ್ಲಿ ಬದುಕಿ, ಒಂದು ಗೇಣು ನೆಲವನ್ನೂ ತನ್ನದೆನ್ನಲಾಗದವನು ತ್ಯಜಿಸುವುದಾದರೂ ಏನನ್ನು? ಆತನಿಗೆ ಬೇಕಾದದ್ದು ಒಡೆತನದಿಂದ ಬಿಡುಗಡೆಯಲ್ಲ, ಮೊದಲ ಬಾರಿಗೆ ಒಂದು ಒಡೆತನ. ಮೇಲಾಗಿ ಯಂತ್ರಗಳು ಹೊಲಕ್ಕೆ ಬಂದಂತೆ ಪಾಲುಗಾರರ ದುಡಿಮೆಯೂ ಹೋಯಿತು, ದುಡಿಮೆಯ ಜೊತೆಗಿದ್ದ ಗುಡಿಸಲೂ ಹೋಯಿತು.

ಇಪ್ಪತ್ತಾರು ವರ್ಷ ಸಾಮೂಹಿಕ ಆಸ್ತಿಯನ್ನೇ ಆಚರಿಸಿದ ವ್ಯಕ್ತಿ ಇತರರಿಗೆ ಸ್ವಂತ ಮನೆ ಕಟ್ಟಿಕೊಡಲು ಮುಂದಾದದ್ದು ಈ ಹಿನ್ನೆಲೆಯಲ್ಲಿ. ಇದನ್ನು ತತ್ತ್ವಚ್ಯುತಿಯೆಂದು ಕರೆಯುವವರಿರಬಹುದು. ತನ್ನ ವ್ರತವನ್ನು ಮತ್ತೊಬ್ಬನ ಮೇಲೆ ಹೇರದಿರುವ ವಿವೇಕವೆಂದು ನಾನು ಭಾವಿಸುತ್ತೇನೆ. ಯೆರೂಸಲೇಮನ್ನು ಅಟ್ಲಾಂಟಾಕ್ಕೆ ತಂದ ಅನುವಾದಕರಿಗೆ, ಕೊಯ್ನೋನಿಯಾ ಎಂಬ ಶಬ್ದಕ್ಕೂ ಸ್ಥಳೀಯವಾದ ಅನುವಾದವೊಂದು ಬೇಕೆಂದು ಕೊನೆಗೆ ಹೊಳೆಯಿತು. ಆ ಅನುವಾದ ಮನೆ.

ಈ ಬದಲಾವಣೆಗೆ ಒತ್ತಾಸೆಯಾಗಿ ನಿಂತವರು ಮಿಲರ್ಡ್ ಫುಲ್ಲರ್. ಅಲಬಾಮಾ ರಾಜ್ಯದ ವಕೀಲರಾಗಿದ್ದ ಅವರು ಮೂವತ್ತು ತುಂಬುವ ಮೊದಲೇ ವ್ಯಾಪಾರದಲ್ಲಿ ಕೋಟ್ಯಧೀಶರಾಗಿದ್ದರು. ಸಂಸಾರ ಮುರಿಯುವ ಹಂತ ತಲುಪಿದಾಗ ಎಚ್ಚೆತ್ತು, ಪತ್ನಿ ಲಿಂಡಾ ಅವರೊಡನೆ ಕೂಡಿ ಸಂಪತ್ತನ್ನು ದಾನ ಮಾಡಿದರು. 1965ರಲ್ಲಿ ಕೆಲವು ಗಂಟೆಗಳ ಭೇಟಿಗೆಂದು ಕೊಯ್ನೋನಿಯಾಕ್ಕೆ ಬಂದ ದಂಪತಿಗಳು ಜೋರ್ಡನ್ ಅವರ ಮಾತಿಗೆ ಮನಸೋತು ಒಂದು ತಿಂಗಳು ನಿಂತರು. 1968ರಲ್ಲಿ ಮತ್ತೆ ಬಂದರು. ಆ ವರ್ಷದ ಆಗಸ್ಟಿನಲ್ಲಿ ಕೆಲವು ಗೆಳೆಯರೊಡನೆ ನಡೆದ ಸಮಾಲೋಚನೆಯಲ್ಲಿ ಪಾಲುದಾರಿಕೆಯ ಬೇಸಾಯ, ಪಾಲುದಾರಿಕೆಯ ಉದ್ಯಮ, ಪಾಲುದಾರಿಕೆಯ ಮನೆ ಎಂಬ ಮೂರು ಕಾರ್ಯಗಳು ರೂಪುಗೊಂಡವು. ಬೇಸಾಯ, ಉದ್ಯಮಗಳಿಗಿಂತ ಮನೆಯ ಯೋಜನೆ ಬೇಗ ಬೇರುಬಿಟ್ಟಿತು.

ಅದರ ರೀತಿ ಹೀಗಿತ್ತು: ಜಮೀನಿನ ಒಂದು ಭಾಗವನ್ನು ಅರ್ಧ ಎಕರೆಯ 42 ನಿವೇಶನಗಳಾಗಿ ವಿಂಗಡಿಸಲಾಯಿತು. ಮನೆ ಸಾದಾ, ಗಟ್ಟಿ, ಒಳಗೇ ನೀರು ಮತ್ತು ಶೌಚದ ಅನುಕೂಲವುಳ್ಳದ್ದು. ಕಟ್ಟಿದ ಖರ್ಚಷ್ಟೇ ಬೆಲೆ, ಲಾಭವಿಲ್ಲ. ಆ ಬೆಲೆಯನ್ನು ಕುಟುಂಬ 20 ವರ್ಷಗಳ ಕಂತಿನಲ್ಲಿ ತೀರಿಸಬೇಕು, ಬಡ್ಡಿಯಿಲ್ಲ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೂಡದೆಂಬ ವಿಮೋಚನಕಾಂಡದ ನಿಷೇಧವನ್ನು ಇಲ್ಲಿ ಅಕ್ಷರಶಃ ಪಾಲಿಸಲಾಯಿತು. ಬಡ್ಡಿ ಎಂಬುದರ ಭಾರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನೂರಕ್ಕೆ ಎಂಟರ ವಾರ್ಷಿಕ ದರದಲ್ಲಿ ಪಡೆದ ಸಾಲವನ್ನು 20 ವರ್ಷ ತಿಂಗಳ ಕಂತಿನಲ್ಲಿ ತೀರಿಸಿದವನು ಒಟ್ಟು ಕಟ್ಟುವುದು ಅಸಲಿನ ಎರಡರಷ್ಟು. ಎಂದರೆ ಒಂದು ಮನೆಗೆ ಎರಡು ಮನೆಗಳ ಬೆಲೆ. ಬಂದ ಕಂತುಗಳೂ ದಾನಿಗಳ ಹಣವೂ ಮಾನವತೆಯ ನಿಧಿ ಎಂಬ ಒಂದೇ ನಿಧಿಗೆ ಸೇರಿ ಮುಂದಿನ ಮನೆ ಏಳುತ್ತಿತ್ತು. ಬಡವರಿಗೆ ಭಿಕ್ಷೆ ಬೇಡ, ಬಂಡವಾಳ ಬೇಕು. ಶ್ರೀಮಂತರಿಗೂ ತಮ್ಮ ಹೆಚ್ಚಳವನ್ನು ಗೌರವದಿಂದ ಇಳಿಸಿಕೊಳ್ಳಲು ಒಂದು ದಾರಿ ಬೇಕು. ಈ ಎರಡು ಅಗತ್ಯಗಳನ್ನು ಜೋರ್ಡನ್ ಅವರು ಒಂದೇ ಗೋಡೆಯಲ್ಲಿ ಕೂಡಿಸಿದರು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸಾಗಿದ ಹಸು ಈಗ ತಾನೇ ಮನೆಯಾಯಿತೆನ್ನಬಹುದು.

8

ಮೊದಲ ಮನೆಯ ಗೋಡೆಗಳು ಎದ್ದು ನಿಂತಿದ್ದವು. ಅದು ನೆರೆಯ ಒಂದು ಕರಿಯ ಕುಟುಂಬಕ್ಕೆ ಸೇರಬೇಕಾದದ್ದು. ಕೆಲಸ ಮುಗಿಯುವ ಮುನ್ನವೇ, 1969ರ ಅಕ್ಟೋಬರ್ 29ರಂದು, ಹೊಲದ ಗುಡಿಸಲಿನಲ್ಲಿ ಉಪದೇಶವೊಂದನ್ನು ಸಿದ್ಧಪಡಿಸುತ್ತಿದ್ದಾಗ ಹೃದಯಾಘಾತದಿಂದ ಕ್ಲಾರೆನ್ಸ್ ಜೋರ್ಡನ್ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಶವಪರೀಕ್ಷೆಯ ಅಧಿಕಾರಿ ಕೊಯ್ನೋನಿಯಾಕ್ಕೆ ಕಾಲಿಡಲು ಒಪ್ಪಲಿಲ್ಲ. ಫುಲ್ಲರ್ ಅವರೇ ದೇಹವನ್ನು ಕಾರಿನಲ್ಲಿ ಪಟ್ಟಣಕ್ಕೆ ಒಯ್ಯಬೇಕಾಯಿತು. ಬೆಲೆಬಾಳುವ ಶವಪೆಟ್ಟಿಗೆಗಳನ್ನು ಸಾಗಿಸಲು ಹೊರಗವಚವಾಗಿ ಬಳಸುವ ಸಾದಾ ಮರದ ಡಬ್ಬಿಯೊಂದರಲ್ಲಿ ಅವರನ್ನು ಹೊಲದ ದಿಣ್ಣೆಯ ಮೇಲೆ ಹೂಳಲಾಯಿತು. ಸಮಾಧಿಗೆ ಹೆಸರಿನ ಕಲ್ಲನ್ನು ನಿಲ್ಲಿಸಲಿಲ್ಲ. ಅಂತ್ಯಕ್ರಿಯೆಗೆ ಸೇರಿದವರಲ್ಲಿ ಹೆಚ್ಚಿನವರು ಸುತ್ತಮುತ್ತಲಿನ ಬಡವರು. ಕೆಲ ದಿನಗಳಲ್ಲಿ ಮನೆ ಪೂರ್ಣಗೊಂಡು ಆ ಕುಟುಂಬ ಒಳಹೊಕ್ಕಿತು.

ಜೋರ್ಡನ್ ಅವರ ಯೋಜನೆಯನ್ನು ಫುಲ್ಲರ್ ದಂಪತಿಗಳು 1973ರಲ್ಲಿ ಆಫ್ರಿಕಾದ ಝಾಯಿರ್ ದೇಶಕ್ಕೆ ಒಯ್ದರು. 1976ರಲ್ಲಿ ಅಮೆರಿಕಸ್‌ನಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಪಕ್ಕದ ಪ್ಲೇನ್ಸ್ ಊರಿನವರಾದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಅದರ ಕೆಲಸದಲ್ಲಿ ತೊಡಗಿ ಸುತ್ತಿಗೆ ಹಿಡಿದದ್ದು ಲೋಕವಿಖ್ಯಾತವಾಗಿದೆ. ಒಂದು ಕಾಲಕ್ಕೆ ಗುಂಡು ಹಾರಿಸಿ ಓಡಿಸಬಯಸಿದ ಜಿಲ್ಲೆ ಅದೇ ಕಾರ್ಯಕ್ಕಾಗಿ ಪ್ರಸಿದ್ಧವಾದದ್ದು ಇತಿಹಾಸದ ಒಂದು ವಿಪರ್ಯಾಸ.

1950ರಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕರೆದೊಯ್ದ ಕಾರಣಕ್ಕೆ ಚರ್ಚಿನಿಂದ ಹೊರದೂಡಲ್ಪಟ್ಟವರ ಕಲ್ಪನೆ 1983ರಲ್ಲಿ ಭಾರತಕ್ಕೆ ಬಂದು, ಈಗ ತೆಲಂಗಾಣದಲ್ಲಿರುವ ಖಮ್ಮಂನಲ್ಲಿ ಮೊದಲು ನೆಲೆಕಂಡಿತು. 2006ರಲ್ಲಿ ಕಾರ್ಟರ್ ದಂಪತಿಗಳೂ ಸಾವಿರಾರು ಸ್ವಯಂಸೇವಕರೂ ಮುಂಬಯಿ–ಪುಣೆಗಳ ನಡುವಿನ ಲೋಣಾವಳಾ ಬಳಿ ನೂರು ಮನೆಗಳ ನಿರ್ಮಾಣದಲ್ಲಿ ತೊಡಗಿದರು. ಊರು ಬಿಟ್ಟು ಮಹಾನಗರಗಳಿಗೆ ಬಂದು, ಹೊಟೇಲಿನ ಜಗಲಿಯಲ್ಲಿ ಮಲಗಿ, ಚಾಳಿನ ಖೋಲಿಯಲ್ಲಿ ಹತ್ತು ಜನರೊಡನೆ ತಲೆಮರೆಸಿಕೊಂಡು, ಬಹುಕಾಲದ ಮೇಲೆ ಸ್ವಂತದ ಸೂರು ಕಂಡ ಹೊರನಾಡ ಕನ್ನಡಿಗರ ಹಿರಿಯ ತಲೆಮಾರಿಗೆ, ತನ್ನದೆಂಬ ಬಾಗಿಲೊಂದನ್ನು ಒಳಗಿನಿಂದ ಹಾಕಿಕೊಳ್ಳುವ ಸುಖವನ್ನು ವಿವರಿಸಬೇಕಾಗಿಲ್ಲ.

ಜೋರ್ಡನ್ ಅವರ ಯೋಹಾನನ ಸುವಾರ್ತೆಯ ಅನುವಾದ ಎಂಟನೆಯ ಅಧ್ಯಾಯಕ್ಕೆ ನಿಂತಿದೆ. ಹಸ್ತಪ್ರತಿ ಅಪೂರ್ಣವಾಗಿ ಉಳಿದದ್ದಕ್ಕೆ ಸಂಶೋಧಕರಾಗಿ ನಾವು ವಿಷಾದಿಸಬೇಕು. ಆದರೆ ಮಾತು ಮನುಷ್ಯರ ನಡುವೆ ಬಂದು ವಾಸಿಸಿತೆಂಬ ಕಲ್ಪನೆಯಿಂದ ಆರಂಭವಾಗುವ ಆ ಗ್ರಂಥದ ಉಳಿದ ಭಾಗವನ್ನು ಅವರು ಬೇರೊಂದು ಲಿಪಿಯಲ್ಲಿ ಬರೆಯತೊಡಗಿದ್ದರು. ಹೊಲದ ಅರ್ಧ ಎಕರೆ ನಿವೇಶನಗಳಲ್ಲಿ ಎದ್ದ ಮನೆಗಳಲ್ಲಿ ಅದನ್ನು ಓದಿಕೊಳ್ಳಬಹುದು.